ನೀರಿನ ಪೀಪಾಯಿ

ಆರು ವರ್ಷ ರೆಕ್ಕೆಹಾವುಗಳ ಜೊತೆ ಕಾದಾಡಿ ಬಂದವನಿಗೆ ಸರ್ಕಾರ ಕೊಡಿಸಿದ ಕೆಲಸ, ಕುಂಬಾರಜ್ಜನ ಭಟ್ಟಿಗೆ ಸೌದೆ ಒಟ್ಟುವುದು. ‘ಬೆಂಕಿಯ ಅನುಭವ ಉಂಟು’ ಅಂತ ಅವನ ಕಾಗದದಲ್ಲಿ ಯಾವ ಪುಣ್ಯಾತ್ಮ ಬರೆದನೋ. ಹದಿನೇಳಕ್ಕೆ ಹೋದವನು ಇಪ್ಪತ್ಮೂರಕ್ಕೆ ಬಂದ, ಮದುವೆಯಾದ, ಮಗುವೂ ಆಯಿತು. ನೋಡಿದವರೆಲ್ಲ ಹುಡುಗ ದಡ ಸೇರಿದ ಅಂದರು. ಅವರಿಗೇನು, ಅವನ ಜೊತೆ ಒಂದೇ ಒಲೆಯ ಮುಂದೆ ಬಾಳುವವಳು ಹೆಂಡತಿ ತಾನೇ.

ಯುದ್ಧದಲ್ಲಿ ಅವನು ಕಲಿತದ್ದು ಒಂದೇ ಪಾಠ: ನೆರಳು ಹಾದರೆ ಬೆಂಕಿ ಆರಿಸು. ಹಾವುಗಳು ಉರಿ ಕಂಡಲ್ಲೇ ಎರಗುತ್ತಿದ್ದವು, ರೆಕ್ಕೆಯ ಸದ್ದೂ ಇರುತ್ತಿರಲಿಲ್ಲ. ಈಗ ರಾಜಿಯಾಗಿದೆ. ಅವೇ ಹಾವುಗಳು ಕೊರಳಿಗೆ ಚೀಲ ಕಟ್ಟಿಕೊಂಡು ಅಂಚೆ ಸಾಗಿಸುತ್ತವೆ, ಮಧ್ಯಾಹ್ನ ಒಂದು, ಸಂಜೆ ಒಂದು. ಕಿಟಕಿಯಲ್ಲಿ ನೆರಳು ಸರಿಯಿತೋ, ಅವನ ಕೈಗೆ ಸಿಕ್ಕ ಚೊಂಬಿನ ನೀರು ಒಲೆಗೆ. ಹಾಲು ಅರೆಕಾದು ಕೆಡುತ್ತಿತ್ತು, ಮಗುವಿನ ಸ್ನಾನದ ನೀರು ತಣ್ಣಗಾಗುತ್ತಿತ್ತು. ಅವಳು ರೇಗುವಳು, ರೇಗಿದ್ದಕ್ಕೆ ಅಳುವಳು, ಅತ್ತು ಮುಗಿಯುವಷ್ಟರಲ್ಲಿ ಮಗುವಿಗೆ ನೆಗಡಿಯಾದೀತೆಂಬ ಚಿಂತೆ.

ಹೋದ ತಿಂಗಳು ಭಟ್ಟಿಗೂ ನೀರು ಸುರಿದ. ಎರಡು ದಿನ ಹದವಾಗಿ ಬೆಂದಿದ್ದ ಗಡಿಗೆಗಳು ಪಟಪಟನೆ ಬಿರಿದವು. ಕುಂಬಾರಜ್ಜ ಬಯ್ಯಲಿಲ್ಲ. ಇನ್ನೊಂದೇ ಸಲ ನೋಡ್ತೀನಿ, ಆಮೇಲೆ ನನ್ನ ಕೈಲಾಗಲ್ಲ ಅಂದ. ಪಕ್ಕದ ಮನೆಯಾಕೆ ಮಾತ್ರ ಸುಮ್ಮನಿರಬೇಕಲ್ಲ: “ನಿನ್ನ ಗಂಡನ್ನ ಬೆಂಕಿ ಆರಿಸೋರ ಹತ್ರ ಸೇರಿಸ್ಬೇಕಿತ್ತು ಕಣೇ.”

ಹೊಸ ಭಟ್ಟಿ ಹೊತ್ತಿಸುವ ಹಿಂದಿನ ದಿನ ಅವಳು ಗೋಣಿಚೀಲಗಳನ್ನು ಹೊಲಿದು ಭಟ್ಟಿಯ ಕೊಟ್ಟಿಗೆಯ ಕಿಂಡಿಗಳಿಗೆಲ್ಲ ಬಿಗಿದಳು. ಕಾಣದ ನೆರಳು ಹೆದರಿಸೀತು ಹೇಗೆ? ಮರುದಿನ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬುತ್ತಿ ತಂದರೆ, ಅವನು ಹೊರಗೆ ಕತ್ತೆತ್ತಿ ನಿಂತಿದ್ದ. ಬೆಳಗಿನಿಂದ ಒಳಗೂ ಹೊರಗೂ ಓಡಿದ್ದೇ ಓಡಿದ್ದು, ಉರಿ ಕುಗ್ಗುತ್ತಿದೆ ಅಂತ ಕುಂಬಾರಜ್ಜ ಗೊಣಗಿದ.

“ನೆರಳೇ ಕಾಣದಿದ್ರೆ ಅದು ಎಲ್ಲಿದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?” ಅಂದ ಅವನು.

ಒಳ್ಳೇದು ಮಾಡಲು ಹೋಗಿ ಇದ್ದ ಹೆದರಿಕೆಯನ್ನು ದಿನವಿಡೀ ಹಿಗ್ಗಿಸಿಟ್ಟಿದ್ದಳು. ಅವಳು ಗೋಣಿಗಳನ್ನು ಕಿತ್ತು ಎಸೆದಳು. ಸೂರು ಹುಲ್ಲಿನದು, ಕಿಡಿ ಹಾರಿದರೆ ಬೇಕೆಂದು ಭಟ್ಟಿಯ ಪಕ್ಕ ಇಟ್ಟಿದ್ದ ಪೀಪಾಯಿ ನೀರನ್ನು ಚೆಲ್ಲುವಂತಿರಲಿಲ್ಲ. ಅದಕ್ಕೆ ಮುಚ್ಚಳ ಹಾಕಿ, ಮಗುವನ್ನು ಮಡಿಲಿಗೆ ಎಳೆದುಕೊಂಡು ಅದರ ಮೇಲೆ ಕೂತುಬಿಟ್ಟಳು.

ಸ್ವಲ್ಪ ಹೊತ್ತಿಗೆ ಬಂತು ನೆರಳು. ಸೌದೆಯ ರಾಶಿ ದಾಟಿ ಅವನ ಪಾದದ ಮೇಲೆ ಹರಿಯಿತು. ಅವನು ಬಕೆಟ್ ಹಿಡಿದು ಬಂದ.

“ಏಳು.”

“ಏಳಲ್ಲ.”

“ಮಗು ಇದೆ, ಏಳೇ.”

“ಮಗು ಇರೋದಕ್ಕೇ ಏಳಲ್ಲ.”

ಅವನು ಪೀಪಾಯಿಯ ಅಂಚು ಹಿಡಿದ. ಅವಳ ಕೆಳಗಿನ ಮುಚ್ಚಳ ಕಟಕಟ ಅಂದಿತು. ಎತ್ತಿ ಪಕ್ಕಕ್ಕಿಡುವುದು ಅವನಿಗೇನು ಕಷ್ಟವಿರಲಿಲ್ಲ, ಅವಳಿಗೂ ಗೊತ್ತಿತ್ತು. ನೆರಳು ಗೋಡೆ ಹತ್ತಿತು, ಸೂರಿನಲ್ಲಿ ಕರಗಿತು. ಎಷ್ಟೋ ಹೊತ್ತಿನ ಮೇಲೆ ಅವನು ಬಕೆಟ್ ಕೆಳಗಿಟ್ಟು ಭಟ್ಟಿಯ ಬಾಯಿಗೆ ಎರಡು ಕೊರಡು ನೂಕಿದ. ಅವಳಿಗೆ ಆಗ ಉಕ್ಕಿತು ಸಿಟ್ಟು, ಅವನ ಮೇಲೆ, ಕಾಗದ ಬರೆದವನ ಮೇಲೆ, ಜೋಮು ಹಿಡಿದ ತನ್ನ ಕಾಲಿನ ಮೇಲೂ. ಜನ್ಮವಿಡೀ ಪೀಪಾಯಿ ಕಾಯುತ್ತ ಕೂರಲು ಆಗುತ್ತದೆಯೇ?

ನಾಳೆ ಸಂಜೆವರೆಗೂ ಉರಿಬೇಕಮ್ಮ, ಅಂದ ಕುಂಬಾರಜ್ಜ, ಅವಳ ಮುಖ ನೋಡದೆ.

“ಇವತ್ತು ಸಂಜೆ ಅಂಚೆದೊಂದು ಇದೆ,” ಅಂದ ಗಂಡ, ತಿರುಗದೆಯೇ.

ಅವಳು ಒಂಚೂರು ಸರಿದು, ಮುಚ್ಚಳದ ಮೇಲೆಯೇ ಬುತ್ತಿ ಬಿಚ್ಚಿದಳು. “ಹಾಗಾದ್ರೆ ಇಲ್ಲೇ ಬಂದು ತಿನ್ನು. ನಾನಂತೂ ಏಳಲ್ಲ.”