ಕಾಕಾ ತಿದ್ದಿದ ಸಾಕ್ಷಿ

ಹೋದ ವಾರ ಹವಾಲ್ದಾರ ಕಾಕಾನ ಮಗಳು ಒಂದು ಎನಾಮಲ್ ಮಗ್ ತಂದುಕೊಟ್ಟಳು. ಅಂಚಿನಲ್ಲಿ ಬಣ್ಣ ಹಾರಿ ಕಪ್ಪು ಕಬ್ಬಿಣ ಕಾಣುತ್ತಿತ್ತು. "ಅಪ್ಪ ಇದರಾಗೇ ಚಾ ಕುಡೀತಿದ್ದ. ನಿಮ್ಮ ಹಂತೇಲಿ ಇರ್ಲಿ ತಗೋರಿ ಅಣ್ಣ" ಎಂದಳು. ಕಿಟಕಿಯಲ್ಲಿಟ್ಟೆ. ನಿನ್ನೆಯವರೆಗೂ ಆ ಕಿಟಕಿಯ ಕಡೆ ನೋಡುವುದನ್ನು ತಪ್ಪಿಸುತ್ತಿದ್ದೆ. ನನ್ನ ನೆನಪಿನಲ್ಲಿದ್ದ ಮಗ್ ಹಸಿರು. ಕೈಗೆ ಬಂದದ್ದು ಬಿಳಿ. ಬಣ್ಣವೇ ತಪ್ಪಾಗಿದ್ದರೆ ಉಳಿದದ್ದನ್ನು ಹೇಗೆ ನಂಬಲಿ... ಆದರೆ ಅದು ಕಾಕಾನ ಹಲ್ಲಿಗೆ ತಾಗಿ ಕಟಕಟ ಎಂದದ್ದು ಖಂಡಿತ ನಿಜ. ಆ ಸದ್ದನ್ನು ನಾನು ಕಟ್ಟಿಕೊಂಡಿಲ್ಲ.

ಅಫಜಲಪುರದಲ್ಲಿ ನಮ್ಮ ಕ್ರಿಸ್ತರ ಓಣಿಯಲ್ಲಿ, ನಮ್ಮಿಂದ ನಾಲ್ಕು ಮನೆ ಆಚೆ ಅವರಿದ್ದರು. ಫೌಜಿನಿಂದ ನಿವೃತ್ತರಾಗಿ ಬಂದವರು. ಊರಿಗೆಲ್ಲ ಅವರು ಕಾಕಾ. ನಮ್ಮ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಸಾಕ್ಷಿ ಹೇಳುವ ಪದ್ಧತಿಯಿತ್ತು. ದೇವರಿಂದ ಒಳ್ಳೆಯದು ಕಂಡವರು ಎದ್ದು ನಿಂತು ಹೇಳಬೇಕು. ಒಬ್ಬರ ಮಗುವಿನ ಜ್ವರ ಇಳಿದಿತ್ತು, ಇನ್ನೊಬ್ಬರ ಕಳೆದುಹೋದ ಎಮ್ಮೆ ಸಿಕ್ಕಿತ್ತು. ಕೊನೆಯಲ್ಲಿ ಕಾಕಾ ಏಳುತ್ತಿದ್ದರು. ಗುಡ್ಡದ ಮೇಲಿನ ಠಾಣೆ, ಸುತ್ತ ಬೀಳುತ್ತಿದ್ದ ತೋಪಿನ ಗುಂಡು, ಮೊಣಕಾಲೂರಿ ಮಾಡಿದ ಪ್ರಾರ್ಥನೆ. "ಅಂಜಿಕಿ ಧೂಳಿನಂಗ ಹಾರಿ ಹೋತು. ಇವತ್ತಿನ ತನಕ ತಿರುಗಿ ಬಂದಿಲ್ಲ!" ಎಲ್ಲರೂ ಹಲ್ಲೆಲೂಯಾ ಎನ್ನುತ್ತಿದ್ದರು. ಚಿಕ್ಕವನಾಗಿದ್ದ ನಾನು ಅವರ ಜೊತೆ ತುಟಿ ಆಡಿಸುತ್ತಿದ್ದೆ. ಮುಂದೆ ಫೌಜಿಗೆ ಸೇರಿದ್ದು ಆ ಸಾಕ್ಷಿಯನ್ನು ನಂಬಿಕೊಂಡೇ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ನೌಕರಿಯ ನಾಲ್ಕನೇ ವರ್ಷ ಗಡಿಯಲ್ಲಿ ನಮ್ಮ ಬಂಕರಿನ ಬಾಯಿಗೇ ಗುಂಡು ಬಿತ್ತು. ಮಗ್ಗುಲಲ್ಲಿದ್ದವನು ಹೋದ. ನಾನು ಕಾಕಾನ ಮಾತುಗಳನ್ನೇ ಹಿಡಿದು ಪ್ರಾರ್ಥಿಸಿದೆ. ಭಯ ಹಾರಿ ಹೋಗಲಿಲ್ಲ. ಕಾಕಾನ ಭಯ ಹೋಯಿತು, ನನ್ನದು ಹೋಗಲಿಲ್ಲ, ಅಂದರೆ ನನ್ನ ವಿಶ್ವಾಸವೇ ಸುಳ್ಳು ಎಂದುಕೊಂಡೆ. ರಜೆಗೆ ಊರಿಗೆ ಬಂದೆ. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಗೋಡೆಗೆ ಒರಗುತ್ತಿದ್ದೆ. ಸೋಮವಾರ ಹೊರಡಬೇಕಿತ್ತು. ಅವ್ವ ಆಗಲೇ ನನ್ನ ಬುತ್ತಿಗೆ ಜೋಳದ ರೊಟ್ಟಿ ಬಡಿದು ಒಣಗಿಸುತ್ತಿದ್ದಳು. ಆ ಬಡಿತ ಕೇಳುತ್ತಾ ಕೇಳುತ್ತಾ ನಾನು ತೀರ್ಮಾನ ಮಾಡಿಬಿಟ್ಟೆ, ತಿರುಗಿ ಹೋಗುವುದಿಲ್ಲ. ಆದರೆ ಪಾಸ್ಟರು ಬೇರೆ ಹೇಳಿಹೋಗಿದ್ದರು: "ಐತವಾರ ನಿಂದು ಸಾಕ್ಷಿ. ಕಾಕಾನಂಗ ಹೇಳ್ಬೇಕು ನೋಡು."

ಗುರುವಾರ ಬೆಳಿಗ್ಗೆ ಕಾಕಾನ ಮನೆಗೆ ಹೋದೆ. ಹೇಳಿಬಿಡಲೆಂದೋ ಬೈಸಿಕೊಳ್ಳಲೆಂದೋ, ಈಗ ಖಚಿತವಿಲ್ಲ. ಚಹಾ ಕೊಟ್ಟರು. ಓಣಿಯ ಹಿಂದಿನ ಹೊಲದಲ್ಲಿ ಬಾವಿ ತೋಡುತ್ತಿದ್ದರು. ಬಂಡೆ ಸಿಕ್ಕಿತ್ತು, ಮದ್ದಿಟ್ಟು ಸಿಡಿಸಬೇಕಿತ್ತು. ಅದಕ್ಕೂ ಮುಂಚೆ ಒಬ್ಬ ಆಳು ಕೆಂಪು ಬಟ್ಟೆ ಹಿಡಿದು ಮನೆಮನೆಗೆ ಹೇಳುತ್ತಾ ಬರುತ್ತಿದ್ದ. ಕೂಸು ಮಲಗಿಸಿದವರಿಗೆ, ಎತ್ತು ಕಟ್ಟಿದವರಿಗೆ, ಎಲ್ಲರಿಗೂ. ಕಾಕಾನ ಬಾಗಿಲಲ್ಲಿ ಮಾತ್ರ ನಕ್ಕ. "ನಿಮಗೇನ್ ಹೇಳೋದದ್ರಿ ಸಾಹೇಬ್ರ, ತೋಪು ನೋಡಿದವ್ರು ನೀವು!"

ಅವನು ಮುಂದೆ ಹೋದ. ನಾವು ಕಾದೆವು. ಕಾಕಾ ಮಗ್ ಎತ್ತಿ ಬಾಯಿಗಿಟ್ಟರು. ಆಗಲೇ ಆ ಸದ್ದು... ಕಟಕಟ, ಕಟಕಟ. ಕುಡಿಯಲಿಲ್ಲ, ಕೆಳಗಿಡಲೂ ಇಲ್ಲ. ಬಂಡೆ ಸಿಡಿಯಿತು. ಸೂರಿನ ತಗಡಿನಿಂದ ಮಣ್ಣು ಉದುರಿತು. ಕಣ್ಣು ತೆರೆದಾಗ ನಾನು ಹಗ್ಗದ ಹೊರಸಿನ ಕೆಳಗೆ ಕುಕ್ಕರಿಸಿದ್ದೆ. ಚಹಾ ಅಷ್ಟೂ ಕಾಕಾನ ತೊಡೆಯ ಮೇಲೆ ಚೆಲ್ಲಿತ್ತು.

"ಮ್ಯಾಲ ಕುಂದ್ರಲೇ," ಎಂದರು. "ಅಲ್ಲಿ ಇರುವಿ ಭಾಳ ಅದಾವ."

"ಕಾಕಾ, ನಿಮ್ಮ ಅಂಜಿಕಿ ಹೋಗಿತ್ತಲ್ರಿ?"

ಅವರು ಚೆಲ್ಲಿದ ಚಹಾ ಒರೆಸಿಕೊಳ್ಳತೊಡಗಿದರು. ನನಗೆ ತಡೆಯಲಾಗಲಿಲ್ಲ. ಬಂಕರು, ಮಗ್ಗುಲಲ್ಲಿದ್ದವನು, ಪ್ರಾರ್ಥನೆ, ಸೋಮವಾರ, ಎಲ್ಲ ಹೇಳಿದೆ. ಹೋಗಾಂಗಿಲ್ಲ ಎಂದೂ ಹೇಳಿದೆ.

"ನಂದೂ ಹೋಗಿರ್ಲಿಲ್ಲ," ಎಂದರು ಕಾಕಾ. "ಮೊದಲ್ನೇ ಸಲ ಖರೇನೇ ಹೇಳಿದ್ದೆ. ಅಂಜಿಕಿ ಇತ್ತು, ಪ್ರಭು ಬಾಜೂಕ ಕುಂತಿದ್ದ, ಅದಕ್ಕ ಜಾಗಾ ಬಿಟ್ಟು ಓಡ್ಲಿಲ್ಲ ಅಂತ. ಮಂದಿ ಸುಮ್ನ ಕುಂತ್ರು. ಮುಂದಿನ ಸಲ ಅಂಜಿಕಿ ಹಾರಿ ಹೋತು ಅಂದೆ. ಹಲ್ಲೆಲೂಯಾ ಅಂದ್ರು. ಆಮ್ಯಾಲ ಅದನ್ನೇ ಹೇಳ್ಕೋತ ಬಂದೆ. ಹೇಳಿ ಹೇಳಿ ನಂಗೂ ಖರೇ ಅನ್ಸಾಕತ್ತಿತ್ತು."

"ಮತ್ತ ಪ್ರಾರ್ಥನಿ ಯಾಕ್ರಿ?"

"ದಿನಾ ಮುಂಜಾನಿ ಹಾಜರಿ ಕೊಡ್ತೇನಿ. ಪ್ರಭೂ, ಅಂಜಿಕಿ ಹಾಜರ್. ನಾನೂ ಹಾಜರ್. ಇಷ್ಟೇ. ಅಂವ ಬಾರದ ದಿನಾ ಒಂದೂ ಇಲ್ಲ."

ಇವೇ ಮಾತುಗಳೇ? ಗೊತ್ತಿಲ್ಲ. ಕಾಕಾ ತಮ್ಮ ಸಾಕ್ಷಿಯನ್ನು ಉಜ್ಜಿ ಹೊಳಪು ಮಾಡಿದಂತೆ ನಾನೂ ಇಷ್ಟು ವರ್ಷ ಇದನ್ನು ಉಜ್ಜಿರಬಹುದು. ಹಾಜರ್ ಎಂಬ ಶಬ್ದ ಮಾತ್ರ ಅವರದೇ.

ಭಾನುವಾರ ಪಾಸ್ಟರು ನನ್ನನ್ನು ಕರೆದರು. ನಾನು ಏಳಲಿಲ್ಲ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಕಾಕಾ ಎದ್ದರು. "ಇವನಕಿಂತ ಮೊದ್ಲ ನಂದೊಂದು ತಿದ್ದೂದದ್ರಿ," ಎಂದು ಗುರುವಾರ ನನಗೆ ಹೇಳಿದ್ದನ್ನೇ ಎಲ್ಲರ ಎದುರು ಹೇಳಿದರು. ಹಿಂದಿನಿಂದ ಒಬ್ಬಳು ಪಕ್ಕದವಳಿಗೆ ಹೇಳಿದಳು, "ಹವಾಲ್ದಾರಗ ಅರವತ್ತಕ್ಕೇ ಅರಳು ಮರಳು ಹಿಡೀತಲ್ಲಬೇ!" ಪಾಸ್ಟರು ಅವಸರದಲ್ಲಿ ಹಾಡು ಎತ್ತಿದರು. ಆಮೇಲೆ ನನ್ನನ್ನು ಯಾರೂ ಕರೆಯಲಿಲ್ಲ. ಹಾಡು ಮುಗಿದ ಮೇಲಾದರೂ ನಾನು ಎದ್ದು, ನಂದೂ ಹಂಗೇ, ಎನ್ನಬಹುದಿತ್ತು. ತಲೆ ತಗ್ಗಿಸಿ ಕುಳಿತೆ. ಕಾಕಾ ಒಬ್ಬರೇ ನಿಂತಿದ್ದರು.

ಹೋಗುವುದಿಲ್ಲ ಎಂದಿದ್ದವನು ಸೋಮವಾರ ರೊಟ್ಟಿಯ ಗಂಟು ಹಿಡಿದು ಕಲಬುರಗಿಯ ಬಸ್ಸು ಹತ್ತಿದೆ. ಬಸ್ಸು ಹೊರಟಾಗ ಬಾಯೊಳಗೇ ಹಾಜರ್ ಎಂದೆ. ನಿವೃತ್ತಿಯ ದಿನದವರೆಗೂ ಪ್ರತಿ ಬೆಳಿಗ್ಗೆ ಅಂದೆ. ಭಯ ಜೊತೆಗೇ ಬಂತು. ಬಂದದ್ದು ಭಯವೊಂದೇ ಅಲ್ಲ, ಇಷ್ಟನ್ನು ನಾನು ನಿಜವೆಂದು ಹೇಳಬಲ್ಲೆ. ಇತ್ತ ಊರಿನಲ್ಲಿ ಕಾಕಾನನ್ನು ಸಾಕ್ಷಿಗೆ ಕರೆಯುವುದನ್ನು ಬಿಟ್ಟರು. ಹಿಂದಿನ ಸಾಲಿನಲ್ಲಿ ಕೂಡಾಕತ್ಯಾರ ಎಂದು ಅವ್ವ ಫೋನಿನಲ್ಲಿ ಹೇಳಿದಳು. ಕಾಕಾ ತೀರಿಕೊಂಡಾಗ ನನಗೆ ರಜೆ ಸಿಗಲಿಲ್ಲ.

ಮಗ್ ಕೊಟ್ಟ ದಿನವೇ ಕಾಕಾನ ಮಗಳು ಇನ್ನೊಂದು ಸುದ್ದಿ ಹೇಳಿದ್ದಳು. ಸಭೆಯವರು ಕಾಕಾನ ಗೋರಿಗೆ ಕಲ್ಲು ಕೆತ್ತಿಸಿದ್ದರು. ಫೌಜಿನವನೆಂದು ನಾನು ನಾಲ್ಕು ಮಾತಾಡಬೇಕಂತೆ. ನಿನ್ನೆ ಹೋದೆ. ಕಲ್ಲಿನ ಮೇಲಿದ್ದದ್ದು: ಭಯವನ್ನೇ ಅರಿಯದ ಯೋಧ.

ಬರೆದುಕೊಂಡು ಹೋದ ಹಾಳೆ ಬಿಚ್ಚಿದೆ. ಮೈಕು ಆ ಸದ್ದನ್ನು ಎಲ್ಲರಿಗೂ ಕೇಳಿಸಿತು. ಹಾಳೆ ಮಡಚಿಟ್ಟೆ. "ಈ ಕಲ್ಲಿನ ಮಾತು ತಪ್ಪದ್ರಿ," ಎಂದೆ. "ಕಾಕಾ ಅಂಜತಿದ್ರು. ನಾನೂ ಅಂಜತೇನಿ, ಈಗೂ. ಅಂದ್ರೂ ಅವರು ಜಾಗಾ ಬಿಡ್ಲಿಲ್ಲ. ಯಾಕಂದ್ರ ಪ್ರಭು ಅವರ ಬಾಜೂಕ ಇದ್ದ. ಅವತ್ತು ನಾ ಏಳಬೇಕಿತ್ತು, ಏಳಲಿಲ್ಲ." ಯಾರೂ ಹಲ್ಲೆಲೂಯಾ ಅನ್ನಲಿಲ್ಲ. ಯಾರೋ ಹಾಡು ಎತ್ತಿದರು.

ಸಂಜೆ ಕಿಟಕಿಯಿಂದ ಮಗ್ ತೆಗೆದು ಚಹಾ ಹಾಕಿಕೊಂಡೆ. ಹಲ್ಲಿಗೆ ತಾಗಿತು, ಕಟಕಟ. ಹಾಜರ್, ಎಂದೆ. ಎದುರಿನ ಹೊರಸು ಖಾಲಿಯಿತ್ತು. ಮ್ಯಾಲ ಕುಂದ್ರಲೇ ಎನ್ನುವವರು ಇರಲಿಲ್ಲ.