ಎದುರುಮನೆಯಕ್ಕನ ಕಾರು

ಎದುರುಮನೆಯಕ್ಕನ ಬಲಗೈ ಹೆಬ್ಬೆರಳು ಸೊಟ್ಟಗಿತ್ತು. ಮದುವೆಗೆ ಮುಂಚೆ ಅವರಪ್ಪನ ಕಾರನ್ನು ಸ್ಟಾರ್ಟ್ ಮಾಡಲು ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸುವಾಗ ಅದು ಹಿಂದಕ್ಕೆ ಒದ್ದು ಮೂಳೆ ಮುರಿದಿತ್ತಂತೆ. ಆ ಕಾರನ್ನೇ ಅಪ್ಪ ಮಗಳಿಗೆ ಕೊಟ್ಟಿದ್ದರು. ನಾನು ಮದುವೆಯಾಗಿ ದೇವನಹಳ್ಳಿಗೆ ಬಂದ ಹೊಸದರಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ಕಾರು ಓಡಿಸುವುದನ್ನು ಕಿಟಕಿಯಿಂದ ಬೆರಗಾಗಿ ನೋಡುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ಬೇಜಾರಾದರೆ ಒಬ್ಬರೇ ಕಾರಿನಲ್ಲಿ ಹತ್ತಿರದ ಆವತಿ ಹಳ್ಳಿಯ ಕಡೆಗೆ ಹೋಗಿ ಬರುತ್ತಿದ್ದರು.

ಅವರ ಯಜಮಾನರು ಬೆಂಗಳೂರಿನ ರೇಷ್ಮೆ ಕಂಪನಿಯೊಂದರಲ್ಲಿ ಅಧಿಕಾರಿ. ಎರಡನೇ ಮಹಾಯುದ್ಧ ಶುರುವಾಗಿ ಕೂಪನ್ನಿಗಷ್ಟೇ ಪೆಟ್ರೋಲು ಸಿಗುವ ಕಾಲ ಬಂದಾಗ ಕಂಪನಿಯೇ ಅವರಿಗೆ ಕಾರು, ಡ್ರೈವರು, ಪೆಟ್ರೋಲು ಎಲ್ಲ ಕೊಟ್ಟಿತು. "ಮನೇಲಿ ಎರಡು ಕಾರು ಯಾಕೆ?" ಎಂದು ಅವರು ಅಕ್ಕನದನ್ನು ಮಾರಿಬಿಟ್ಟರು. ಕಂಪನಿ ಕಾರನ್ನು ಮನೆಯವರು ಮುಟ್ಟುವಂತಿರಲಿಲ್ಲ. ಬಾಗಿಲಲ್ಲೇ ಕಾರು ನಿಂತಿದ್ದರೂ ಅಕ್ಕ ಸಂತೆಗೆ ನಡೆದೇ ಹೋಗುತ್ತಿದ್ದರು. ಆಮೇಲಾಮೇಲೆ ಹೊರಗೆ ಹೋಗುವುದೇ ಕಡಿಮೆಯಾಯಿತು.

ನನ್ನ ಚೊಚ್ಚಲ ಹೆರಿಗೆ ಕಷ್ಟವಾಯಿತು. ಮಧ್ಯಾಹ್ನದ ಹೊತ್ತಿಗೆ ಸೂಲಗಿತ್ತಿ ಕೈಚೆಲ್ಲಿ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದಳು. ಅಕ್ಕನ ಯಜಮಾನರು ರೈಲಿನಲ್ಲಿ ಮದರಾಸಿಗೆ ಹೋಗಿದ್ದರು. ಕಾರು ಮನೆಯಲ್ಲೇ ಇತ್ತು.

"ಸಾಹೇಬ್ರು ಹೇಳ್ದೆ ತೆಗೆಯೋಕಾಗಲ್ಲ ಅಮ್ಮಾವ್ರೇ. ನನ್ನ ಕೆಲಸ ಹೋಗ್ತದೆ," ಎಂದ ಡ್ರೈವರು.

"ನೀನು ತೆಗೀಬೇಡಪ್ಪ. ಕೀ ಇಲ್ಲಿ ಕೊಡು. ಅಮ್ಮಾವ್ರೇ ಕಿತ್ಕೊಂಡ್ರು ಅಂತ ಹೇಳು," ಎಂದರು ಅಕ್ಕ.

ದಾರಿಯುದ್ದಕ್ಕೂ ಹಿಂದೆ ತಿರುಗದೆ, "ಇದ್ದೀಯೇನೇ? ಏನಾದ್ರೂ ಮಾತಾಡ್ತಿರು," ಎನ್ನುತ್ತಲೇ ಓಡಿಸಿದರು. ಆಸ್ಪತ್ರೆಯಲ್ಲಿ ನನ್ನ ಮಗಳು ಹುಟ್ಟಿದಳು.

ವಿಷಯ ಕಂಪನಿಗೆ ಗೊತ್ತಾಗಿ ಕಾರನ್ನು ವಾಪಸು ತೆಗೆದುಕೊಂಡರು. ಬೇರೆ ಕೊಳ್ಳೋಣವೆಂದರೆ ಯುದ್ಧಕಾಲದಲ್ಲಿ ಸಿಗುತ್ತಿರಲಿಲ್ಲ. ದಿನಾ ಹೋಗಿ ಬರಲಾಗದೆ ಯಜಮಾನರು ಬೆಂಗಳೂರಿನಲ್ಲೇ ರೂಮು ಮಾಡಿದರು. ಮೊದಮೊದಲು ವಾರಕ್ಕೊಮ್ಮೆ ಬರುತ್ತಿದ್ದವರು ಕ್ರಮೇಣ ಹಬ್ಬಕ್ಕೂ ಬರದಂತಾದರು. ನನ್ನಿಂದಲೇ ಹೀಗಾಯಿತೆಂದು ನಾನು ಅಕ್ಕನ ಮುಂದೆ ಕೂತು ಅತ್ತಾಗ ಅವರು ಹೇಳಿದ್ದು ಇಷ್ಟೇ: "ನಿನ್ನಿಂದಲ್ಲ ಬಿಡೇ. ಅಪ್ಪ ಕೊಟ್ಟಿದ್ದನ್ನ ಮಾರೋವಾಗ ನಾನ್ಯಾಕೆ ಸುಮ್ನಿದ್ದೆ? ಅದೊಂದೇ ನಂಗೆ ಯೋಚ್ನೆ."

ಸಂಜೆಯಾದರೆ ಜಗಲಿಯಲ್ಲಿ ಕೂತು ದೊಡ್ಡ ರಸ್ತೆಯ ಮೋಟಾರುಗಳ ಸದ್ದು ಕೇಳುತ್ತಿದ್ದರು. ಯಾವುದಾದರೂ ನಮ್ಮ ಬೀದಿಗೆ ತಿರುಗಿದರೆ ಎದ್ದು ನಿಲ್ಲುವರು. ಅದು ಮುಂದಕ್ಕೆ ಹೋದ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಂತಿರುವರು. ನಾನು ಮಾತಾಡಿಸಲು ಹೋಗುತ್ತಿರಲಿಲ್ಲ, ಮಗಳನ್ನು ಕಳಿಸುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಜ್ವರ ಬಂದು ಮಲಗಿದ ಅಕ್ಕ ಮತ್ತೆ ಏಳಲಿಲ್ಲ. ಯಜಮಾನರಿಗೆ ತಂತಿ ಕೊಟ್ಟೆವು. ಅವರು ಬರುವುದು ತಡವಾಯಿತು. ಕೊನೆಗೆ ಅಕ್ಕನ ಬಾಯಿಗೆ ನೀರು ಬಿಟ್ಟವಳು ನನ್ನ ಮಗಳು.