ನೆಲ ನಡುಗಿದ ಕೇಸು

ವಯನಾಡಿನಲ್ಲಿ ನಕ್ಸಲರ ಹೆಸರೆತ್ತಿದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದ ವರ್ಷಗಳು ಅವು. ನಾನಾಗ ಭೂಕಂಪಗಳ ಪಟ್ಟಿ ಮಾಡುವ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಅಣೆಕಟ್ಟು, ಸೇತುವೆ ಕಟ್ಟುವವರಿಗೆ ಯಾವ ನೆಲ ಎಷ್ಟು ನಡುಗೀತು ಎಂದು ಗೊತ್ತಿರಬೇಕಲ್ಲ. ಅದಕ್ಕಾಗಿ ಆಗಿಹೋದ ನಡುಕಗಳನ್ನೆಲ್ಲ ಒಂದೇ ಅಳತೆಗೆ ತಂದು ಬರೆಯುವುದು ನಮ್ಮ ಕೆಲಸ. ಒಬ್ಬರು ಪಾತ್ರೆ ಬಿತ್ತು ಅಂದಿರುತ್ತಾರೆ, ಇನ್ನೊಬ್ಬರು ಪ್ರಳಯವೇ ಆಯಿತು ಅಂದಿರುತ್ತಾರೆ. ಎರಡೂ ಒಂದೇ ನಡುಕ. ನಾನು ಇಲ್ಲಿಯ ಜೈನರ ಮನೆಯವನು, ಕನ್ನಡ ಮಲಯಾಳ ಎರಡೂ ಬರುತ್ತವೆ ಎಂದು ಊರೂರು ಸುತ್ತುವ ಭಾಗ್ಯ ನನ್ನ ಪಾಲಿಗೆ ಬಂತು.

ಎರಡು ತಿಂಗಳ ಹಿಂದಿನ ಒಂದು ಮಧ್ಯಾಹ್ನದ ನಡುಕವನ್ನು ವಿಚಾರಿಸುತ್ತ ತೋಲ್ಪೆಟ್ಟಿಯ ಕಾಡಂಚಿನ ಆದಿವಾಸಿಗಳ ಹಾಡಿಗೆ ಹೋದೆ. ಒಬ್ಬ ಹೆಂಗಸು ಕನ್ನಡದಲ್ಲೇ ಹೇಳಿದಳು: "ನೆಲ ಗುಡುಗ್ತು ಸಾರೇ. ನನ್ನ ಗಂಡ ಕೂಸನ್ನ ಎತ್ಕೊಂಡು ಹೊರಗೆ ಓಡ್ದ. ಅದಕ್ಕೇ ಪೊಲೀಸ್ರು ಹಿಡ್ಕೊಂಡು ಹೋದ್ರು."

"ಓಡಿದ್ದಕ್ಕಾ?"

"ಬಾಂಬ್ ಇಟ್ಟವನಿಗಲ್ದೆ ಬೇರೆಯವ್ರಿಗೆ ಓಡೋಕೆ ಹೆಂಗೆ ಗೊತ್ತಾಗ್ತದೆ ಅಂದ್ರು."

ಠಾಣೆಗೆ ಹೋದೆ. ಇನ್ಸ್‌ಪೆಕ್ಟರು ಬಹಳ ಮರ್ಯಾದಸ್ಥರು, ಚಹಾ ತರಿಸಿದರು. ಅವರ ಪುಸ್ತಕದಲ್ಲಿ ಅದೇ ದಿನ, ಅದೇ ಹೊತ್ತಿಗೆ 'ಕಾಡಿನಲ್ಲಿ ಬಾಂಬ್ ಸ್ಫೋಟ' ಎಂದಿತ್ತು.

"ಬಾಂಬಿನ ಚೂರೇನಾದರೂ ಸಿಕ್ಕಿತಾ ಸಾರ್?"

"ಇಲ್ಲ. ಅದೇ ಅವರ ಚಾಲಾಕಿತನ."

ನಾನು ಸುಮ್ಮನಿರಬೇಕಿತ್ತು. ಬದಲಿಗೆ ಮರಕ್ಕಡವು, ಪುಲ್ಪಳ್ಳಿ, ಒಂದು ಕಾಫಿ ಎಸ್ಟೇಟು ಎಂದು ವಾರವಿಡೀ ತಿರುಗಿ ಸಾಕ್ಷಿ ಕೂಡಿಸಿದೆ. ಎಸ್ಟೇಟಿನ ಧಣಿಯಂತೂ ಮಳೆ ಅಳೆದು ಬರೆಯುವ ಪುಸ್ತಕದಲ್ಲಿ 'ಚಹಾದ ಕಪ್ಪು-ಬಸಿಗಳು ಗಲಗಲ ಎಂದವು' ಎಂದು ಕೈಯಾರೆ ಬರೆದಿಟ್ಟಿದ್ದರು. ಎಲ್ಲವನ್ನೂ ಒಂದು ಹಾಳೆಗಿಳಿಸಿ ಠಾಣೆಗೆ ಒಯ್ದೆ.

"ನೋಡಿ ಸಾರ್, ಒಂದೇ ಹೊತ್ತಿಗೆ ನಾಲ್ಕು ಕಡೆ!"

ಇನ್ಸ್‌ಪೆಕ್ಟರ ಮುಖ ಅರಳಿತು. "ನಾಲ್ಕು ಬಾಂಬಾ!" ಎಂದು ಎದ್ದು ನಿಂತರು. ನನ್ನ ಹಾಳೆಯನ್ನು ನಕಲು ಮಾಡಿಸಿಕೊಂಡು, ಕೈಕುಲುಕಿ, ಇನ್ನೊಂದು ಚಹಾ ಕುಡಿಸಿದರು. ಒಬ್ಬನನ್ನು ಬಿಡಿಸಲು ಹೋಗಿ ಮೂರು ಕಡೆಯವರನ್ನು ಹಿಡಿದುಕೊಟ್ಟಿದ್ದೆ.

ಮಾರನೆಯ ದಿನದಿಂದ ಜೀಪು ಆ ಊರುಗಳಲ್ಲಿ ಓಡಾಡತೊಡಗಿತು. ಯಾರು ಯಾರು ಓಡಿದಿರಿ ಎಂಬುದೊಂದೇ ಪ್ರಶ್ನೆ. ಮರಕ್ಕಡವಿನವರು ಆವತ್ತು ಊರಿಗೆ ಊರೇ ನಿದ್ದೆ ಮಾಡುತ್ತಿತ್ತು ಎಂದುಬಿಟ್ಟರು. ಪುಲ್ಪಳ್ಳಿಯವರು ನನ್ನನ್ನು ನೋಡಿಯೇ ಇಲ್ಲವಂತೆ. ನನ್ನ ಭೂಕಂಪ ದಿನದಿನಕ್ಕೆ ಸಣ್ಣದಾಗುತ್ತ ಬಂತು.

ಕೊನೆಗೆ ಜೀಪು ಎಸ್ಟೇಟಿನ ಅಂಗಳದಲ್ಲಿ ನಿಂತಿತು. ಕಪ್ಪು-ಬಸಿ ಗಲಗಲ ಎಂದಾಗ ತಾವು ಎಲ್ಲಿದ್ದಿರಿ ಎಂದು ಧಣಿಯನ್ನು ಕೇಳಿದರು. ಧಣಿ ಒಳಗೆ ಹೋಗಿ ಯಾರಿಗೋ ಫೋನ್ ಮಾಡಿದರು.

ಸಂಜೆಯೊಳಗೆ ಠಾಣೆಯಿಂದ ನನಗೆ ಕರೆ ಬಂತು. "ಭೂಕಂಪ ಅಂತ ನೀವು ಮೊದಲೇ ಬಿಡಿಸಿ ಹೇಳಬಾರದಿತ್ತೇ?" ಎಂದು ಇನ್ಸ್‌ಪೆಕ್ಟರು ನೊಂದುಕೊಂಡರು. ಈ ಸಲ ಚಹಾ ಇರಲಿಲ್ಲ. ಅದು ಭೂಕಂಪವೇ ಎಂದು ಕಚೇರಿಯ ಹಾಳೆಯಲ್ಲಿ ಬರೆದುಕೊಟ್ಟೆ. ಎರಡು ದಿನದಲ್ಲಿ ಹಾಡಿಯ ಆ ಹೆಂಗಸಿನ ಗಂಡ ಬಿಡುಗಡೆಯಾಗಿ ಬಂದ.

ಕಣ್ಣಾರೆ ಕಂಡವನ ಹೇಳಿಕೆ ಬೇಕಲ್ಲ ಎಂದು ಮತ್ತೆ ಹಾಡಿಗೆ ಹೋದೆ. ಆತ ಸೊರಗಿದ್ದ. ನೆಲ ನಡುಗಿದಾಗ ಏನಾಯಿತು ಎಂದು ಕೇಳಿದೆ.

"ನಡುಗಲೇ ಇಲ್ಲ ಸಾರೇ," ಎಂದ. "ನಾನು ಕೂತಲ್ಲೇ ಕೂತಿದ್ದೆ. ಓಡೋಕೇ ಬರಲ್ಲ ನಂಗೆ."

ನಾನು ಪೆನ್ನು ಮುಚ್ಚಿದೆ. ಕೂಸಿಗೆ ಗಂಜಿ ತಿನ್ನಿಸುತ್ತಿದ್ದ ಹೆಂಡತಿ ತಲೆ ಎತ್ತಿದಳು.

"ನಾನು ಓಡ್ದೆ ಅಂತ ಬರ್ಕೊಳ್ಳಿ ಸಾರೇ."

ಹಾಗೇ ಬರೆದುಕೊಂಡೆ.